ಹದಿಮೂರೂವರೆ ಇಂಚು

ಕಣ್ಣಿನ ಜಾಗದಲ್ಲಿ ಬರಿಯ ಬಿಳಿ ಬಟ್ಟೆ ಉಳಿದಿದ್ದ ಆ ಮುಖ ಮೂರು ದಿನ ನಮ್ಮ ಮನೆಯ ಗೋಡೆಗೆ ಒರಗಿಕೊಂಡಿತ್ತು. ಮಿಕ್ಕದ್ದೆಲ್ಲ ಇತ್ತು: ಹಣೆ, ಮೂಗುತಿ, ಒಂದು ಪಕ್ಕಕ್ಕೆ ತುಸು ಎಳೆದಂತಿದ್ದ ತುಟಿ. ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಕಣ್ಣಿಲ್ಲದ್ದು ನೋಡುವುದಾದರೂ ಹೇಗೆ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಅಷ್ಟೇ.

ಅದು ನನ್ನ ಹೆಂಡತಿ ಕಾತ್ಯಾಯಿನಿಯ ಚಿತ್ರ. ಮಗಳು ವಾರಿಜ ಹುಟ್ಟಿದ ಹನ್ನೊಂದನೆಯ ದಿನ ಅವಳು ತೀರಿಕೊಂಡಳು. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಕ್ಯಾಮೆರಾ ಕಂಡರೆ ಓಡುತ್ತಿದ್ದವಳು. ತೆಗೆಸದೆಯೂ ಅದು ಕಡಿಮೆಯೇ ಆಯಿತು. ಏಳು ತುಂಬುವ ಹೊತ್ತಿಗೆ ವಾರಿಜ, ಯಾವ ಹೆಂಗಸನ್ನು ಕಂಡರೂ "ಅಮ್ಮ ಇವರ ಥರ ಇದ್ಲಾ ಅಪ್ಪ?" ಎಂದು ಕೇಳತೊಡಗಿದಳು. ಬಳೆ ಮಾರಲು ಬಂದವಳನ್ನೂ ಬಿಡಲಿಲ್ಲ. ಮಗುವಿಗೊಂದು ಮುಖ ಬೇಕಿತ್ತು, ಅದು ಇದ್ದದ್ದು ನನ್ನ ತಲೆಯೊಳಗೆ ಮಾತ್ರ.

ಹಾಗಾಗಿ ಚೆನ್ನಾಜಮ್ಮನ ಬಳಿ ಹೋದೆ. ಯಾರ ಕೈಕೆಳಗೂ ದುಡಿಯದೆ, ಊರ ಕೊನೆಯಲ್ಲಿ ಒಬ್ಬಳೇ ಇದ್ದುಕೊಂಡು, ತನಗೆ ಒಪ್ಪಿದ ಚಿತ್ರವನ್ನಷ್ಟೇ ಬರೆಯುತ್ತಿದ್ದ ಮುದುಕಿ. ಹೆಂಡತಿ ಹೇಗಿದ್ದಳು ಎಂದು ಆಕೆ ಕೇಳಿದಾಗ, ದರ್ಜಿಯಾದ ನಾನು "ಭುಜ ಹದಿಮೂರೂವರೆ ಇಂಚು..." ಎಂದು ಶುರುಮಾಡಿದೆ.

ಆಕೆ ನಕ್ಕುಬಿಟ್ಟಳು. "ನಾನೇನು ರವಿಕೆ ಹೊಲೀಬೇಕಾ ಅಪ್ಪಾ? ಅದನ್ನ ನೀನೇ ಇಟ್ಕೋ. ದಿನಕ್ಕೊಂದು ನೆನಪು ಹೇಳು, ಸಾಕು. ಚಿತ್ರಕ್ಕೆ ಬೆನ್ನು ಹಾಕ್ಕೊಂಡು ಕೂತು ಹೇಳ್ಬೇಕು. ಹೇಳಿದ್ದನ್ನ ನಂಗೆ ಕೊಟ್ಟುಬಿಟ್ಟ ಹಾಗೆ. ವಾಪಸ್ ಕೇಳೋ ಹಾಗಿಲ್ಲ. ಒಪ್ಪಿಗೇನಾ?"

"ಒಪ್ಪಿಗೆ" ಎಂದೆ. ಮಾತಿಗೊಂದು ಮಾತು ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ದಿನವೆಲ್ಲ ಅಳತೆ ಹಿಡಿದು ಬದುಕುವವನು ಆ ಮಾತನ್ನು ಮಾತ್ರ ಅಳೆದು ನೋಡಲಿಲ್ಲ.

ಮೊದಲ ದಿನ ಅವಳ ನಗು ಹೇಳಿದೆ. ಸಂಜೆ ವಾರಿಜ ಎಂದಿನಂತೆ, "ಅಮ್ಮ ನಗ್ತಿದ್ದಂಗೆ ನಗು ಅಪ್ಪ" ಎಂದಳು. ಅದು ನಮ್ಮಿಬ್ಬರ ಆಟ. ಬಾಯಿ ತೆರೆದೆ, ಏನೂ ಬರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಮೂಗಿನಲ್ಲಿ ನಗುತ್ತಿದ್ದಳು ಎಂಬ ಮಾತು ನೆನಪಿತ್ತು, ಯಾರೋ ಹೇಳಿ ಕೇಳಿದ ಸುದ್ದಿಯ ಹಾಗೆ. ಆ ಸದ್ದು ಮಾತ್ರ ಎಲ್ಲಿಯೂ ಇರಲಿಲ್ಲ. ದಣಿವು ಎಂದುಕೊಂಡೆ. ಮರುದಿನ ನಡಿಗೆ ಹೇಳಿದೆ, ಆಮೇಲೆ ಕೂದಲು, ಆಮೇಲೆ ಹಣೆಗಿಟ್ಟುಕೊಳ್ಳುವಾಗ ತುಟಿ ಓರೆಯಾಗುತ್ತಿದ್ದದ್ದು. ಒಂದೊಂದಾಗಿ ಅವೂ ಹೋದವು. ಒಂಬತ್ತನೆಯ ದಿನ ನಾನು ಕೂರದೆ ನಿಂತೇ ಕೇಳಿದೆ.

"ಏನಮ್ಮ ಇದು? ನಂಗೆ ನನ್ ಹೆಂಡ್ತೀನೇ ಮರೆತು ಹೋಗ್ತಿದಾಳಲ್ಲ!"

"ಇಲ್ಲಿಗೆ ಬಂದ್ಮೇಲೆ ಅಲ್ಲಿ ಹೆಂಗಪ್ಪಾ ಇರ್ತಾಳೆ? ಮೊದಲ್ನೇ ದಿನವೇ ಹೇಳಿದ್ನಲ್ಲ." ಆಕೆ ಕುಂಚ ತೊಳೆಯುತ್ತಲೇ ಹೇಳಿದಳು. "ಇನ್ನು ಕಣ್ಣೊಂದೇ ಬಾಕಿ. ಅವಳು ನಿನ್ನನ್ನ ಹೆಂಗೆ ನೋಡ್ತಿದ್ಲು, ಅದನ್ನ ಹೇಳು."

"ಅದೊಂದನ್ನ ಕೊಡಲ್ಲ" ಎಂದು ಕಣ್ಣಿಲ್ಲದ ಚಿತ್ರವನ್ನು ಎತ್ತಿಕೊಂಡು ಬಂದೆ. ಹೆದರಿಕೆಯ ಜೊತೆಗೆ ನನಗೆ ಸಿಟ್ಟೂ ಬಂದಿತ್ತು.

ಮೂರನೆಯ ದಿನ ವಾರಿಜ ತಲೆ ಬಾಚಿಕೊಂಡು, ಹಬ್ಬದ ಲಂಗ ಉಟ್ಟುಕೊಂಡು ಚಿತ್ರದ ಮುಂದೆ ನಿಂತಿದ್ದಳು. ಅದರ ಮುಖದ ಮುಂದೆ ನಿಧಾನವಾಗಿ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ಅಮ್ಮಂಗೆ ನಾನು ಕಾಣ್ಸಲ್ವಾ?" ಎಂದಳು.

ಆ ಮಧ್ಯಾಹ್ನವೇ ಚಿತ್ರ ಹೊತ್ತುಕೊಂಡು ಹೋದೆ. ಚೆನ್ನಾಜಮ್ಮ ಕುಂಚ ಕೈಗೆತ್ತಿಕೊಂಡಳು. ಹೊಸದಾಗಿ ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಚಿತ್ರದ ಎದುರಿಗೆ ಕನ್ನಡಿ ನಿಲ್ಲಿಸಿದಳು. ನಾನು ಬೆನ್ನು ತಿರುಗಿಸಿ ಕುಳಿತೆ. ಅಂದು ಏನು ಹೇಳಿದೆನೋ ನನಗೆ ಗೊತ್ತಿಲ್ಲ. ಹೇಳಿ ಮುಗಿಸಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ತಿರುಗಿ ನೋಡಿದೆ. ಬಟ್ಟೆಯ ಮೇಲೆ ಲಕ್ಷಣವಾದ ಹೆಂಗಸೊಬ್ಬಳ ಚಿತ್ರವಿತ್ತು. ಅವಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಮನೆಯಲ್ಲಿ ವಾರಿಜ ಕುಣಿದಾಡಿದಳು. "ನೋಡ್ತಿದಾಳೆ! ಅಮ್ಮ ನೋಡ್ತಿದಾಳೆ!" ಎಡಕ್ಕೆ ಹೋಗಿ ನಿಂತಳು, ಬಲಕ್ಕೆ ಬಂದು ನಿಂತಳು, ಮತ್ತೆ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡಳು. "ನನ್ನಲ್ಲ ಅಪ್ಪ. ನಿನ್ನನ್ನ" ಎಂದಳು ಮೆಲ್ಲಗೆ.

ವಾರಿಜ ಈಗ ಮಕ್ಕಳೊಂದಿಗಳು. ತಾಯಿಯ ಮುಖ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕಾಗಿ ನಾನು ಪಶ್ಚಾತ್ತಾಪ ಪಟ್ಟಿಲ್ಲ. ಚೆನ್ನಾಜಮ್ಮ ಬೇಡವೆಂದು ಬಿಟ್ಟ ಒಂದು ಅಳತೆ ನನ್ನಲ್ಲೇ ಉಳಿದಿದೆ. ರವಿಕೆಗೆ ಬಟ್ಟೆ ಹಾಸಿದಾಗ, ಅದು ಯಾರದೇ ಆಗಿರಲಿ, ನನ್ನ ಸೀಮೆಸುಣ್ಣ ತಾನಾಗಿ ಹದಿಮೂರೂವರೆ ಇಂಚಿಗೆ ಬಂದು ನಿಲ್ಲುತ್ತದೆ. ತಲೆಯೆತ್ತಿದರೆ, ನನ್ನನ್ನು ಚೆನ್ನಾಗಿ ಬಲ್ಲ ಹೆಂಗಸೊಬ್ಬಳು ಗೋಡೆಯ ಮೇಲಿಂದ ನೋಡುತ್ತಿರುತ್ತಾಳೆ.