ಕನ್ನಡಕವಿಲ್ಲದ ತಂಗಿ

ತಂಗಿಯ ಮುಖ ಇಷ್ಟು ಚೆನ್ನಾಗಿದೆಯೆಂದು ಅಕ್ಕನಿಗೆ ಗೊತ್ತಾದದ್ದೇ ತಂಗಿ ಕಣ್ಣಿನ ಪೊರೆ ತೆಗೆಸಿ ಕನ್ನಡಕ ಬಿಟ್ಟ ಮೇಲೆ. ಗೊತ್ತಾದ ಗಳಿಗೆಯಿಂದ ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಅಲ್ಲ, ಹೊಟ್ಟೆಕಿಚ್ಚು ಪಡದೆ ಇನ್ನೇನು ಮಾಡಿಯಾಳು? ಚಿಕ್ಕಂದಿನಿಂದ ಇಬ್ಬರದೂ ಒಂದೇ ಹಣೆಬರಹ. ಬಾಟಲಿಯ ತಳದಂಥ ದಪ್ಪ ಗಾಜು, ಅದರ ಹಿಂದೆ ಸಾಸಿವೆಯಷ್ಟಾದ ಕಣ್ಣು. ಕನ್ನಡಕ ತೆಗೆದರೆ ಎದುರಿಗಿರುವುದು ಮಾವನೋ ಮರವೋ ತಿಳಿಯದು. ಶಾಲೆಯಲ್ಲಿ ಅಕ್ಕ ದೊಡ್ಡ ಸೋಡಾಬುಡ್ಡಿ, ತಂಗಿ ಚಿಕ್ಕ ಸೋಡಾಬುಡ್ಡಿ. ಈಗ ನೋಡಿದರೆ ಚಿಕ್ಕದು ಕನ್ನಡಕ ಬಿಸಾಕಿ, ಕಾಡಿಗೆ ಹಚ್ಚಿಕೊಂಡು, ರಸ್ತೆಯಾಚೆಯ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತ ಕೂತಿದೆ. ಓದು ಅಂತ ಇವಳನ್ನು ಯಾರು ಕೇಳಿದರು?

ಇಬ್ಬರದೂ ಒಂದೇ ಅಂಗಡಿ. ಹರಿದ, ಇಲಿ ಕಡಿದ, ಸಿಗರೇಟು ತಾಗಿ ತೂತಾದ ಬಟ್ಟೆಗೆ ಗುರುತೇ ಸಿಗದಂತೆ ಎಳೆ ಸೇರಿಸಿ ರಫೂ ಹಾಕುವುದು ಕೆಲಸ. ಸೂಜಿ ಹಿಡಿಯುವ ಮುಂಚೆ ಕನ್ನಡಕ ತೆಗೆದಿಡುವುದು ಇವರ ಪದ್ಧತಿ. ಬಟ್ಟೆಯನ್ನು ಮೂಗಿನ ತನಕ ತಂದರೆ ಸಾಕು, ಬೇರೆಯವರಿಗೆ ಭೂತಗನ್ನಡಿಯಲ್ಲೂ ಸಿಗದ ಎಳೆ ಇವರಿಗೆ ಹಗ್ಗದಂತೆ ಕಾಣುತ್ತಿತ್ತು. ಆದರೆ ಆಪರೇಷನ್ ಆದಮೇಲೆ ತಂಗಿ ಸೂಜಿ ಮುಟ್ಟಿಲ್ಲ. ‘ಗಿರಾಕಿಗಳನ್ನ ನಾನು ನೋಡ್ಕೋತೀನಿ, ಒಳಗಿನ ಕೆಲಸ ನೀನು ಮಾಡಕ್ಕಾ’ ಎಂದು ಮುಂದಿನ ಕುರ್ಚಿ ಹಿಡಿದಳು. ಗಿರಾಕಿಗಳೋ, ‘ಏನ್ರೀ, ಹತ್ತು ವರ್ಷ ಚಿಕ್ಕೋರಾಗ್ಬಿಟ್ರಿ’ ಎಂದು ಹಲ್ಲು ಕಿರಿಯುವರು. ಒಳಗೆ ಕೂತ ಅಕ್ಕ ಹಲ್ಲು ಕಡಿಯುವಳು.

ಈಗ ಅಕ್ಕನಿಗೂ ಪೊರೆ ಬಂತು. ಎಳೆಗಳೆಲ್ಲ ಹೊಗೆಯೊಳಗಿದ್ದಂತೆ ಮಸುಕಾದವು. ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡಳು. ತಂಗಿಯೂ ದಿನಾ ಕಿವಿಯಲ್ಲಿ ಊದುತ್ತಿದ್ದಳು: ‘ದೂರ ಕಾಣೋ ಲೆನ್ಸೇ ಹಾಕಿಸ್ಕೋ ಅಕ್ಕಾ. ಬೇರೆ ಯೋಚನೇನೇ ಮಾಡ್ಬೇಡ.’

ಆಸ್ಪತ್ರೆಗೆ ಇಬ್ಬರೂ ಬಂದರು. ಡಾಕ್ಟರ ಕೋಣೆಯೊಳಕ್ಕೆ ಮಾತ್ರ ಅಕ್ಕ ಒಬ್ಬಳೇ ಹೋದಳು. ಈ ಚೆಲುವೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನು ಗೂಬೆಯಂತೆ ಕಾಣಲು ಅವಳಿಗೇನು ಹುಚ್ಚೇ?

‘ಒಳಗೆ ಹಾಕೋ ಲೆನ್ಸು ದೂರಕ್ಕಿರಲೋ, ಹತ್ತಿರಕ್ಕೋ?’ ಡಾಕ್ಟರಮ್ಮ ಕೇಳಿದರು.

‘ದೂರಕ್ಕೆ. ನನ್ನ ತಂಗಿಗೆ ಹಾಕಿದ್ರಲ್ಲ, ಹಾಗೇ. ಹತ್ತಿರದ್ದು ಹೇಗೂ ಕಾಣುತ್ತೆ.’

‘ಇಲ್ಲಮ್ಮ, ಅಲ್ಲೇ ನಿಮ್ಮಂಥೋರು ಎಡವೋದು. ದೂರ ಅಷ್ಟು ಕೆಟ್ಟಿದ್ದಕ್ಕೇ ನಿಮಗೆ ಹತ್ತಿರ ಅಷ್ಟು ಚೆನ್ನಾಗಿ ಕಾಣ್ತಿದ್ದಿದ್ದು. ದೂರಾನ ಸರಿ ಮಾಡಿದ್ರೆ ಹತ್ತಿರ ಹೋಯ್ತು. ಓದೋಕೆ ಕನ್ನಡಕ ಕೊಡ್ತೀವಿ, ಆದ್ರೆ ನಿಮ್ಮ ಎಳೆ ಕೆಲಸಕ್ಕೆ ಆ ಹಳೇ ಕಣ್ಣು ವಾಪಸ್ ಬರಲ್ಲ. ತಂಗಿ ಹೇಳ್ಲಿಲ್ವಾ? ಲೆನ್ಸು ಬದಲಾಯಿಸ್ಕೊಡಿ ಅಂತ ಇಲ್ಲೇ ಕೂತು ಅತ್ತಿದ್ರಲ್ಲ.’

ಹಾಗಾದರೆ ಮಹಾರಾಣಿ ಸೂಜಿ ಬಿಟ್ಟದ್ದು ಸೊಕ್ಕಿನಿಂದಲ್ಲ. ಅವಳಿಗೆ ಎಳೆಯೇ ಕಾಣುತ್ತಿರಲಿಲ್ಲ. ಅಷ್ಟು ಗೊತ್ತಿದ್ದೂ ಅಕ್ಕನನ್ನು ಅದೇ ಗುಂಡಿಗೆ ತಳ್ಳಲು ಹೊರಟಿದ್ದಳು.

‘ಹತ್ತಿರಕ್ಕೆ ಹಾಕಿದ್ರೆ?’

‘ಮೂಗಿಗೆ ತಾಗಿಸಿ ನೋಡೋದು ಇನ್ನಾಗಲ್ಲ. ಒಂದು ಗೇಣು ದೂರದಲ್ಲಿ ಬರಿಗಣ್ಣಿಗೆ ಕಾಣೋ ಹಾಗೆ ಮಾಡ್ಬಹುದು. ಓಡಾಡೋಕೆ ಕನ್ನಡಕ ಬೇಕೇ ಬೇಕು. ಇಷ್ಟು ದಪ್ಪ ಇರಲ್ಲ, ಅಷ್ಟೇ.’

ಕನ್ನಡಕ ಬೇಕೇ ಬೇಕು. ತಾನೂ ಬರಿ ಮುಖದಲ್ಲಿ ಮುಂದಿನ ಕುರ್ಚಿಯಲ್ಲಿ ಕೂರಬೇಕು, ಬಂದವರು ತನ್ನನ್ನೂ ಒಮ್ಮೆ ತಿರುಗಿ ನೋಡಬೇಕು ಎಂದು ಅವಳು ಎಷ್ಟು ಆಸೆಪಟ್ಟಿದ್ದಳು. ಆ ಹೊತ್ತಿನಲ್ಲೂ ಅವಳ ಬೆರಳು ಮೇಜಿನ ಬಟ್ಟೆಯ ಅಂಚಿನಲ್ಲಿ ಬಿಟ್ಟುಹೋದ ಎಳೆಯೊಂದನ್ನು ತಡವಿ ಸರಿಮಾಡುತ್ತಿತ್ತು. ಸೂಜಿಯೂ ಹೋದರೆ ತನ್ನಲ್ಲಿ ಉಳಿಯುವುದೇನು?

‘ಹತ್ತಿರಕ್ಕೇ ಹಾಕಿ’ ಎಂದಳು.

ಹೊರಗೆ ಬೆಂಚಿನ ಮೇಲಿದ್ದ ತಂಗಿ ಎದ್ದು ನಿಂತಳು. ‘ದೂರದ್ದು ತಾನೆ?’

‘ಹತ್ತಿರದ್ದು.’

ತಂಗಿಯ ಮುಖ ಸಪ್ಪಗಾಯಿತು.

‘ನಿನಗೆ ಎಳೆ ಕಾಣಲ್ಲ ಅಂತ ಯಾಕೇ ಹೇಳ್ಲಿಲ್ಲ? ನನ್ನನ್ನೂ ಹಾಳು ಮಾಡೋಕೆ ಹೊರಟಿದ್ದೆಯಲ್ಲ.’

ತಂಗಿ ಕೂತು ನೆಲ ನೋಡಿದಳು. ‘ನೀನು ಮಾಡಿದ ಕೆಲಸಾನ ಎಲ್ರೂ ಬೆಳಕಿಗೆ ಹಿಡಿದು ನೋಡ್ತಾರೆ. ಹರಿದಿದ್ದು ಎಲ್ಲಿ ಅಂತ ಹುಡುಕ್ತಾರೆ, ಸಿಗಲ್ಲ. ನನ್ನದು ಬರೀ ಮುಖ ನೋಡಿ ಹೋಗ್ತಾರೆ. ಇಬ್ರಿಗೂ ಕಾಣದೆ ಹೋದ್ರೆ ಸಮ ಆಗುತ್ತೆ ಅನ್ನಿಸ್ತು ಅಕ್ಕಾ’ ಎಂದವಳಿಗೆ ಅಳು ಬಂದುಬಿಟ್ಟಿತು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅದರ ಹಿಂದೆಯೇ, ಇಷ್ಟು ದಿನ ತನ್ನನ್ನು ನೋಡಿಯೂ ಒಬ್ಬಳು ಹೊಟ್ಟೆ ಉರಿದುಕೊಂಡಿದ್ದಳಲ್ಲ ಎಂದು ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಪಕ್ಕದಲ್ಲಿ ಕೂತು ತಂಗಿಯ ಬೆನ್ನು ಸವರಿದಳು. ಸವರುತ್ತ ತಾನೂ ಅತ್ತಳು. ಕನ್ನಡಕ ತೆಗೆದು, ಕಣ್ಣೊರೆಸಿ, ಮಂಜಾದ ಗಾಜು ಒರೆಸಿ, ಮತ್ತೆ ಮೂಗಿಗೇರಿಸಿ ನೋಡುವಷ್ಟರಲ್ಲಿ ತಂಗಿ ಅಂಗೈಯಿಂದ ಒಮ್ಮೆ ಮುಖ ಒರೆಸಿಕೊಂಡು ಮುಗಿಸಿದ್ದಳು. ಅತ್ತ ಮೇಲೂ ಎಷ್ಟು ಚೆನ್ನಾಗಿದೆ ಮುಂಡೇದು ಎಂದು ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು.