ನನ್ನ ಹೊಟ್ಟೆಯೊಳಗಿಂದ ಹಾದ ನಾಟಕ

ನಾನು ಒಂದು ಸ್ವಿಚ್ಚು. ಫ್ಯಾನು ತಿರುಗಿಸುವ ಸ್ವಿಚ್ಚು ಎಂದುಕೊಂಡಿರೋ, ಕೆಟ್ಟಿರಿ! ನಾನು ನೆಟ್‌ವರ್ಕ್ ಸ್ವಿಚ್ಚು. ಮುಖದ ತುಂಬ ಇಪ್ಪತ್ತನಾಲ್ಕು ಕಿಂಡಿ, ಕಿಂಡಿಗೊಂದು ಹಸಿರು ದೀಪ. ಒಂದು ಕಿಂಡಿಯಿಂದ ಬಂದ ಸುದ್ದಿಯನ್ನು ಬೇಕಾದ ಕಿಂಡಿಗೆ ಮುಟ್ಟಿಸುವುದು, ಎಲ್ಲರಿಗೂ ಎಂದು ಬಂದದ್ದನ್ನು ಎಲ್ಲರಿಗೂ ಸಾರುವುದು ನನ್ನ ಕಸುಬು. ಚೀನಾದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ, ಹಡಗು ಹತ್ತಿ ಬಂದೆ, ಗದಗಿನ ಒಂದು ವಿಮಾ ಕಚೇರಿಯಲ್ಲಿ ನಾಲ್ಕು ವರ್ಷ ಕೂತೆ. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎಂಬುದೇ ಅಲ್ಲಿ ದೊಡ್ಡ ಸುದ್ದಿ. ಜೀವ ಸಾಕಾಗಿ ಹೋಗಿತ್ತು ನನಗೆ.

ಕಚೇರಿ ಬೇರೆ ಕಡೆಗೆ ಹೋದಾಗ ನನ್ನನ್ನು ಪಕ್ಕದ ರಂಗಮಂದಿರಕ್ಕೆ ಕೊಟ್ಟರು. ಅಬ್ಬಾ, ನನ್ನ ಪುಣ್ಯ! ಅಲ್ಲಿ ಮೂವತ್ತು ವರ್ಷದಿಂದ ಸೌಂಡ್ ನೋಡಿಕೊಳ್ಳುತ್ತಿದ್ದವರು ಮೌನೇಶಪ್ಪ ಬಡಿಗೇರ. ಬೆಳಗ್ಗೆ ದನಿ ಹೆಚ್ಚುಕಡಿಮೆ ಮಾಡುವ ಮಿಕ್ಸರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಕೆಲಸ ಶುರು ಮಾಡುತ್ತಿರಲಿಲ್ಲ. ಅವರದೊಂದು ಕಟ್ಟುನಿಟ್ಟು ಇತ್ತು: ಯಾವ ವೈರಿನ ತುದಿಯೂ ಬರಿದೇ ಜೋತು ಬಿದ್ದಿರಬಾರದು. ಹಳೆಯ ಮೈಕಿನ ವೈರಿಗೆ ಅದು ಸರಿಯೇ, ತುದಿ ಬಿಟ್ಟರೆ ಸ್ಪೀಕರು ಗುಂಯ್ ಎನ್ನುತ್ತದೆ.

ಒಂದು ಭಾನುವಾರ ನಾಟಕ ಕಂಪನಿಯೊಂದರ ಆಟ ಟಿವಿಯಲ್ಲಿ ನೇರಪ್ರಸಾರವಾಗುವುದಿತ್ತು. ಹಿಂದೆಲ್ಲ ಟಿವಿಯವರು ಬಂದರೆ ನಟರ ಎದೆಗೆ ಎರಡೆರಡು ಮೈಕು, ಒಂದು ಸಭಾಂಗಣಕ್ಕೆ, ಒಂದು ಟಿವಿಗೆ. ವೇದಿಕೆಯ ಹಿಂದೆ ವೈರಿನ ರಾಶಿ, ಎರಡು ತಂಡಗಳ ಜಗಳ. ಈ ಸಲ ಹಾಗಲ್ಲ! ಕ್ಯಾಮೆರಾ, ಮೈಕು, ಸ್ಪೀಕರು, ದೀಪ, ಟಿವಿಯವರ ವ್ಯಾನು, ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ, ಎಲ್ಲವೂ ನನ್ನ ಮೂಲಕ. ಟಿವಿಯ ಎಂಜಿನಿಯರ್ ಶಾಹೀನ್ ನದಾಫ್ ಒಂದೊಂದೇ ವೈರು ಸಿಕ್ಕಿಸುತ್ತಿದ್ದರೆ ನನ್ನ ದೀಪಗಳು ಕುಣಿಯತೊಡಗಿದವು. ಎಲ್ಲಿಯ ಪ್ರಿಂಟರು, ಎಲ್ಲಿಯ ನಾಟಕ! ಹನ್ನೊಂದಕ್ಕೆ ಆಟ. ಒಂಬತ್ತಕ್ಕೆ ತಾಲೀಮಿನಲ್ಲಿ ಎಲ್ಲ ಸುಸೂತ್ರ.

ಹತ್ತು ಗಂಟೆಗೆ ಮೌನೇಶಪ್ಪ ವೇದಿಕೆಯ ಹಿಂದೆ ಬಂದರು. ನನ್ನ ಕಿಂಡಿಯೊಂದರಿಂದ ಹಳದಿ ವೈರೊಂದು ಹೊರಟು, ಅದರ ಇನ್ನೊಂದು ತುದಿ ಗಾಳಿಗೆ ತೂಗಾಡುತ್ತಿತ್ತು. ಅವರ ಜೀವ ತಡೆಯಲಿಲ್ಲ. ಆ ತುದಿಯನ್ನೂ ತಂದು ನನ್ನದೇ ಖಾಲಿ ಕಿಂಡಿಗೆ ಸಿಕ್ಕಿಸಿ, ಸಮಾಧಾನದಿಂದ ಚಹಾಕ್ಕೆ ಹೋದರು.

ಅಯ್ಯೋ, ಆಮೇಲಿನದು ಏನು ಹೇಳಲಿ! ನಾನು ಸಾರಿದ ಮಾತು ಆ ವೈರಿನಲ್ಲಿ ಸುತ್ತಿಕೊಂಡು ನನಗೇ ವಾಪಸು ಬಂತು. ಹೊಸ ಸುದ್ದಿ ಎಂದುಕೊಂಡು ಮತ್ತೆ ಸಾರಿದೆ. ಮತ್ತೆ ಬಂತು. ಕ್ಷಣದಲ್ಲಿ ಸಾವಿರ ಸಲ, ಲಕ್ಷ ಸಲ. ಇಪ್ಪತ್ತನಾಲ್ಕು ದೀಪಗಳೂ ಹುಚ್ಚು ಹಿಡಿದಂತೆ ಮಿನುಗಿದವು. ಕ್ಯಾಮೆರಾದ ಚಿತ್ರ ನಿಂತಲ್ಲೇ ನಿಂತಿತು, ಮೈಕು ಸತ್ತಿತು.

ಹತ್ತೂ ಮುಕ್ಕಾಲಾಯಿತು. ಶಾಹೀನ್ ವ್ಯಾನು, ಕಂಪ್ಯೂಟರು ಎಲ್ಲ ಜಾಲಾಡಿದರೂ ಕಾರಣ ಸಿಗಲಿಲ್ಲ. ಹೊರಗೆ ಜನ ಸಾಲು ನಿಂತಿದ್ದರು. ರಂಗಮಂದಿರದ ಕಾರ್ಯದರ್ಶಿ ಅಂದಾನಪ್ಪನವರು ಬೆವರು ಒರೆಸಿಕೊಳ್ಳುತ್ತ ಬಂದರು.

"ಈ ಹಳೇ ಡಬ್ಬಿ ಗುಜರಿಗೆ ಒಗೀರಿ. ಮೌನೇಶಪ್ಪ, ಹೊಸಾ ಪದ್ಧತಿ ನಿಮಗ ಒಗ್ಗೂದಿಲ್ಲ. ಇನ್ನ ಮ್ಯಾಲೆ ನೀವು ಗೇಟ್ ನೋಡಿಕೋರಿ, ಸೌಂಡ್ ಹೊರಗಿನವರು ನೋಡ್ತಾರ."

ಮೌನೇಶಪ್ಪನ ಮುಖ ಇಳಿದುಹೋಯಿತು. ಇಬ್ಬರದೂ ಕಥೆ ಮುಗಿಯಿತು ಎಂದುಕೊಂಡೆ ನಾನು.

ಶಾಹೀನ್ ನನ್ನ ಮುಂದೆ ಮಂಡಿಯೂರಿ ಕೇಳಿದಳು: "ತಾಲೀಮಾದ ಮ್ಯಾಲೆ ಇದಕ್ಕ ಯಾರರ ಕೈ ಹಚ್ಚೀರೇನ್ರಿ? ಒಂದ ವೈರಿನ ಎರಡೂ ತುದಿ ಇದರಾಗನ ಸಿಕ್ಕಿಸಿದ್ರ ಹಿಂಗ ಆಗತೈತಿ."

ಮೌನೇಶಪ್ಪ ಸಿಕ್ಕಿಸಿದ್ದನ್ನು ಯಾರೂ ನೋಡಿರಲಿಲ್ಲ, ಅಷ್ಟೊಂದು ವೈರುಗಳಲ್ಲಿ ಹುಡುಕಲು ಹೊತ್ತೂ ಇರಲಿಲ್ಲ. ಸುಮ್ಮನಿದ್ದರೆ ತಪ್ಪೆಲ್ಲ ನನ್ನ ತಲೆಗೆ ಬರುತ್ತಿತ್ತು, ನಾನು ಗುಜರಿಗೆ ಹೋಗುತ್ತಿದ್ದೆ. ಮೌನೇಶಪ್ಪ ಮುಂದೆ ಬಂದರು.

"ಹಚ್ಚಿದಾವ ನಾನಽ," ಎಂದರು. "ತುದಿ ಜೋತು ಬಿದ್ದಿತ್ತು, ನೋಡಾಕ ಆಗಲಿಲ್ಲ. ಈ ಡಬ್ಬಿದೇನೂ ತಪ್ಪಿಲ್ರಿ."

ಬಗ್ಗಿ ಹಳದಿ ವೈರನ್ನು ಕಿತ್ತರು. ಚಿತ್ರ ಅಲುಗಾಡಿತು, ಮೈಕು ಉಸಿರಾಡಿತು. ಅಂದಾನಪ್ಪ ಬಾಯಿ ತೆರೆಯುವ ಮೊದಲೇ ಶಾಹೀನ್ ಎದ್ದು ನಿಂತಳು. "ಸರ, ಸಭಾಂಗಣಕ್ಕೂ ಟಿವಿಗೂ ಇವತ್ತ ಒಂದ ಮಿಕ್ಸರು. ಅದರ ಮುಂದ ಮೌನೇಶಪ್ಪ ಕಾಕಾರಽ ಕೂಡ್ರಲಿ. ಮಾಡಿದ್ದು ಮುಚ್ಚಿಡದ ಹೇಳೋರಿದ್ರ ನನಗ ಅರ್ಧಾ ಕೆಲಸ ಕಡಿಮಿ ಆಗತೈತಿ."

ಹನ್ನೊಂದಕ್ಕೆ ಪರದೆ ಎದ್ದಿತು. ಮೌನೇಶಪ್ಪನ ಬೆರಳು ಒಂದಿಷ್ಟು ಸರಿದರೆ ನಾಯಕಿಯ ಪಿಸುಮಾತು ಹಿಂದಿನ ಸಾಲಿಗೂ ಮುಟ್ಟುತ್ತಿತ್ತು, ಅದೇ ಹೊತ್ತಿಗೆ ಟಿವಿಯಲ್ಲಿ ಬೀದರಿನ ಮನೆಯೊಂದಕ್ಕೂ ಮುಟ್ಟುತ್ತಿತ್ತು. ಹಾರ್ಮೋನಿಯಂ, ನಗು, ಶಿಳ್ಳೆ, ಕೆಂಪು ಬೆಳಕು, ಅಷ್ಟೂ ನನ್ನ ಹೊಟ್ಟೆಯೊಳಗಿಂದ! ಅಂಥ ಖುಷಿ ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಈಗ ನನಗೆ ವಯಸ್ಸಾಯಿತು. ನನ್ನ ಜಾಗಕ್ಕೆ ದೊಡ್ಡ ಸ್ವಿಚ್ಚು ಬಂದಿದೆ, ನನ್ನ ಕೆಲವು ಕಿಂಡಿಗಳು ಸತ್ತಿವೆ. ಆದರೂ ಮೌನೇಶಪ್ಪ ನನ್ನನ್ನು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಾರೆ. ಬೇರೆ ಊರಿನ ರಂಗಮಂದಿರಗಳಿಂದ ಸೌಂಡಿನವರು ಈಗ ಅವರ ಹತ್ತಿರ ಕಲಿಯಲು ಬರುತ್ತಾರೆ. ಮೊದಲ ದಿನ ಅವರ ಕೈಗೆ ಒಂದು ವೈರು ಕೊಟ್ಟು, ಎರಡೂ ತುದಿ ನನಗೇ ಸಿಕ್ಕಿಸಲು ಹೇಳುತ್ತಾರೆ. ನನ್ನ ದೀಪಗಳು ಹುಚ್ಚೆದ್ದು ಕುಣಿಯುತ್ತವೆ. ಬಂದವರು ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಹೆದರಬ್ಯಾಡ್ರಿ," ಎನ್ನುತ್ತಾರೆ ಮೌನೇಶಪ್ಪ, "ಈ ಮಂದಿರದಾಗ ಇದನ್ನ ಮೊದಲ ಮಾಡಿದಾವ ನಾನಽ."