ಆಮೇಲೆ ಎನ್ನುವವಳು

ಬೆಳಿಗ್ಗೆ ಅಣ್ಣ ಅಡುಗೆಮನೆಯಲ್ಲಿ ಚಹಾ ಸೋಸುತ್ತ, ತಮ್ಮ ಹಳೆಯ ರೈಲಿನ ಕತೆಯನ್ನು ನಡುಮನೆಗೆ ಕೇಳಿಸುವಂತೆ ಹೇಳುತ್ತಿದ್ದರು. ಟಿಕೆಟ್ಟು ಕಳೆದುಹೋದ ಜಾಗಕ್ಕೆ ಬಂದು ತಡೆದರು. ಎಂದಿನ "ಆಮೇಲೆ?" ಬರಲಿಲ್ಲ. ಲೋಟ ಹಿಡಿದು ಹೋಗಿ ನೋಡಿದರೆ, ತಂಗಿ ಕುರ್ಚಿಗೆ ಒರಗಿದಂತೆಯೇ ಹೋಗಿಬಿಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಜನ. ಅಣ್ಣನಿಗೆ ಅಳು ಬರಲಿಲ್ಲ. ಮುಳ್ಳೊಂದು ಒಳಗೆ ಚುಚ್ಚುತ್ತಿತ್ತು. ನರ್ಸ್ ಕೆಲಸದಿಂದ ನಿವೃತ್ತಳಾಗಿ ಬಂದಮೇಲೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಆಡಿದ್ದು ಹೆಚ್ಚುಕಡಿಮೆ ಅದೊಂದೇ ಮಾತು. ಹೊಸ ಕತೆಗೂ ಆಮೇಲೆ, ಸವೆದುಹೋದ ಕತೆಗೂ ಆಮೇಲೆ. ತಮ್ಮನ್ನು ಆಡಿಕೊಳ್ಳುತ್ತಿದ್ದಳೇ? ಇನ್ನು ಯಾರನ್ನು ಕೇಳುವುದು?

ಬಾಗಿಲಲ್ಲಿ ಚಪ್ಪಲಿ ಬಿಟ್ಟು ದರ್ಜಿಯೊಬ್ಬ ಒಳಗೆ ಬಂದು ಕೈ ಮುಗಿದ. "ಸಿಸ್ಟರ್ ಹತ್ರ ಆಡಿದಷ್ಟು ಮಾತು ನಾನು ಹೆಂಡ್ತಿ ಹತ್ರಾನೂ ಆಡಿಲ್ಲ."

"ನಮ್ಮವಳಿಗೆ ಮಾತೇ ಬರ್ತಿರಲಿಲ್ಲವಲ್ಲ."

"ಅವರೆಲ್ಲಿ ಆಡಿದ್ರು ಯಜಮಾನ್ರೇ? ಆಮೇಲೆ, ಆಮೇಲೆ ಅಂತ ನನ್ನ ಕೈಲೇ ಆಡಿಸಿದ್ರು."

ಅಣ್ಣ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನಿಮಗೂ ಅಂದಳೇ? ಹೇಳಿ, ಹೇಳಿ."

*

ಆಗ ದರ್ಜಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವು. ಬೆನ್ನುಮೂಳೆಯ ಪಕ್ಕಕ್ಕೆ ಸೂಜಿಮದ್ದು ಕೊಡಲು ಬೋರಲು ಮಲಗಿಸಿದ್ದರು.

"ಪೂರ್ತಿ ನಿದ್ದೆ ಬರಿಸ್ಬಿಡಿ ಡಾಕ್ಟ್ರೇ," ಎಂದು ಗೋಗರೆದ.

"ನಿದ್ದೆ ಹೋದ್ರೆ ಸೂಜಿ ನರಕ್ಕೆ ತಾಗಿದ್ದನ್ನ ಹೇಳೋರು ಯಾರು? ಮೈ ಅಲುಗಬಾರದು, ಬಾಯಿ ಆಡ್ತಿರ್ಲಿ," ಎಂದರು ಡಾಕ್ಟರು.

ತಂಗಿ ಅವನ ತಲೆಯ ಬಳಿ ಸ್ಟೂಲಿನಲ್ಲಿ ಕೂತಳು. ಮದುಮಗನೊಬ್ಬನ ಕೋಟಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟ ಕತೆ ಶುರುವಾಯಿತು.

"ಆಮೇಲೆ?"

"ಮದುಮಗ ಕೈ ತೂರಿಸ್ದ..."

ಅಲ್ಲಿಗೆ ಕಾಲಿನುದ್ದಕ್ಕೂ ಮಿಂಚು ಹೊಡೆಯಿತು. ಗಂಡಸು ಕೂಗಬಾರದೆಂದು ದರ್ಜಿ ಹಲ್ಲು ಕಚ್ಚಿದ.

"ಆಮೇಲೆ?"

ಕಚ್ಚಿದ ಹಲ್ಲು ಬಿಚ್ಚಲಿಲ್ಲ. ತಂಗಿ ಥಟ್ಟನೆ ಕೈ ಎತ್ತಿದಳು.

"ಡಾಕ್ಟ್ರೇ, ನಿಲ್ಸಿ."

ಮದ್ದು ಇನ್ನೂ ಒತ್ತಿರಲಿಲ್ಲ. ಸೂಜಿ ಹಿಂದೆ ಸರಿಯಿತು.

*

"ಧೈರ್ಯ ತೋರ್ಸೋಕೆ ನಿನಗೆ ಇದೇ ಜಾಗ ಸಿಕ್ತಾ ಅಂತ ಡಾಕ್ಟ್ರು ಬೈದ್ರು," ಎಂದ ದರ್ಜಿ. "ಸಿಸ್ಟರ್ ಕಿವಿ ನನ್ನ ಮಾತಿನ ಮೇಲೇ ಇತ್ತು. ಇವತ್ತಿಗೂ ಈ ಕಾಲಲ್ಲೇ ಮೆಷಿನ್ ತುಳೀತೀನಿ."

ಹಿಂದೊಮ್ಮೆ ಕತೆಯ ನಡುವೆ ತಮ್ಮ ನಾಲಿಗೆ ತೊಡರಿದ್ದು, ತಂಗಿ ಪಾತ್ರೆ ಬಿಸುಟು ಓಡಿಬಂದು ಆಸ್ಪತ್ರೆಗೆ ಗಾಡಿ ತರಿಸಿದ್ದು ಅಣ್ಣನಿಗೆ ನೆನಪಾಯಿತು. ಆದರೂ ಮುಳ್ಳಿನ ತುದಿ ಉಳಿದಿತ್ತು: ಅವಳ ಕಿವಿ ದನಿಯ ಮೇಲಷ್ಟೇ ಇತ್ತೇ, ಕತೆಯ ಮೇಲಲ್ಲವೇ?

"ಕೋಟಿನ ಕತೆ ಅಲ್ಲಿಗೇ ನಿಂತಿತೇ?"

"ಬಿಡ್ತಾರಾ? ಸಂಜೆ ಡ್ಯೂಟಿ ಮುಗಿಸ್ಕೊಂಡು ವಾರ್ಡಿಗೆ ಬಂದು ಪೂರ್ತಿ ಕೇಳ್ಕೊಂಡು ಹೋದ್ರು. ನಕ್ಕು ನಕ್ಕು ಸುಸ್ತಾದ್ರು."

ಅಣ್ಣನ ಕಣ್ಣು ಆಗ ತುಂಬಿತು.

ಹೆಣ ಎತ್ತುವ ಮೊದಲು ಮನೆಗೆ ಹಿರಿಯರಾದ ಅಣ್ಣ ಪ್ರಾರ್ಥಿಸಲೆಂದು ಎಲ್ಲರೂ ಸರಿದು ನಿಂತರು. ಅವರು ತಂಗಿಯ ತಲೆಯ ಬಳಿ ಸ್ಟೂಲು ಎಳೆದು ಕೂತರು.

"ದೇವರೇ, ದುಡಿದು ದಣಿದ ಜೀವ ಇದು. ನಿನ್ನ ಹತ್ರ ಕರ್ಕೋ..."

ಅಣ್ಣ ಬಾಗಿ, ಕಿವಿಗೊಟ್ಟು ಕಾದರು.

"ಆಮೇಲೆ?" ಎಂದ ದರ್ಜಿ, ಹಿಂದಿನಿಂದ, ಮೆಲ್ಲಗೆ.

"ಆಮೇಲೆ... ಬೆಳಿಗ್ಗೆ ಕತೆ ಅರ್ಧಕ್ಕೆ ನಿಂತಿದೆ, ತಂದೆಯೇ. ಟಿಕೆಟ್ಟು ಸಿಕ್ತು ಅಂತ ಇವಳಿಗೆ ಹೇಳು. ಇವಳಿಗೆ ಶಾಂತಿ ಕೊಡು."